ಹೊದಿಕೆಯ ಬೆನ್ನಿನ ಚೀಟಿ

ಪೀಣ್ಯದಲ್ಲಿ ರಾತ್ರಿಪಾಳಿ ಮುಗಿಸಿದ ತರುಣನು ಉಪಾಹಾರದ ಬದಲಿಗೆ ವಿದೇಶದ ಪ್ರೋಟೀನ್ ಬಾರೊಂದನ್ನು ಕೊಳ್ಳುತ್ತಾನೆ. ಹೊಳೆಯುವ ಹೊದಿಕೆಯನ್ನು ನೋಡುತ್ತಾನೆ. ಅದರ ಬೆನ್ನಿಗಂಟಿದ ಚೀಟಿಯನ್ನು ನೋಡುವುದಿಲ್ಲ. ನೋಡಬೇಕಾದದ್ದು ಅದನ್ನೇ!

ಈ ತಿನಿಸು ಅಂಗಡಿಗೆ ಬರುವ ಮುನ್ನ ಸುಂಕದ ಕಟ್ಟೆಯನ್ನು ದಾಟಬೇಕು. ಪೀಣ್ಯಕ್ಕೆ ದೂರವಲ್ಲದ ಸುಂಕದಕಟ್ಟೆ ಬಡಾವಣೆಯ ಮಾತಲ್ಲ, ಬಂದರಿನದು. 2017ರ ಆಮದು ನಿಯಮದಂತೆ ಆಗ ಮಾಲಿನ ಬಾಳಿಕೆಯಲ್ಲಿ ಶೇಕಡಾ 60 ಭಾಗ ಅಥವಾ ಮೂರು ತಿಂಗಳು, ಇವೆರಡರಲ್ಲಿ ಕಡಮೆಯಾದಷ್ಟಾದರೂ ಉಳಿದಿರತಕ್ಕದ್ದು. ಹಡಗು ತೀರ ತಡವಾಯಿತೆ, ಆಮದುದಾರನ ಬಂಡವಾಳ ಮುಳುಗಿದಂತೆಯೇ. ಅವನ ಹೆಸರು, ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ, ಸಸ್ಯಾಹಾರದ ಹಸಿರು ಚುಕ್ಕೆ, ಇವು ಮೂಲ ಹೊದಿಕೆಯಲ್ಲಿ ಇರದಿದ್ದರೆ ಸುಂಕದ ಉಗ್ರಾಣದಲ್ಲಿಯೇ ಚೀಟಿ ಅಂಟಿಸಲು ಅವಕಾಶವುಂಟು. ಬಾಳಿಕೆಯ ದಿನಾಂಕವನ್ನು ಮಾತ್ರ ಚೀಟಿಯಿಂದ ತಿದ್ದುವಂತಿಲ್ಲ.

ಚುಕ್ಕೆಯೇನು ಸಣ್ಣ ಸಂಗತಿಯೆ? ಕೆಲವು ಬಾರುಗಳಲ್ಲಿ ಹಾಲಿನ ಪ್ರೋಟೀನಿನ ಜೊತೆಗೆ ದನದ ಚರ್ಮ, ಮೂಳೆಗಳಿಂದ ತೆಗೆದ ಕೊಲಾಜನ್ ಬೆರೆತಿರುತ್ತದೆ. ಅಂಥದಕ್ಕೆ ಕಂದು ತ್ರಿಕೋನದ ಗುರುತು ಕಡ್ಡಾಯ. ಹಾಲಿನದೆಂದೇ ನಂಬಿ ಮಗನ ಪುಸ್ತಕದ ಚೀಲಕ್ಕೆ ಅದನ್ನಿಟ್ಟ ಸಸ್ಯಾಹಾರಿ ತಾಯಿಯ ಕಳವಳವನ್ನು ಬಣ್ಣಿಸಬೇಕಾಗಿಲ್ಲ.

ಆಮದುದಾರನ ಹೆಸರು ಹೊದಿಕೆಯಲ್ಲೂ ಇಲ್ಲ, ಚೀಟಿಯೂ ಇಲ್ಲ ಎಂಬ ಬಾರು ಅಗ್ಗಕ್ಕೆ ಸಿಕ್ಕೀತು. ಆದರೆ ತಿಂದವನ ಹೊಟ್ಟೆ ಕೆಟ್ಟ ದಿನ, ಅದನ್ನು ತರಿಸಿದವನು ಯಾರೆಂದು ಅಂಗಡಿಯಾತನೂ ಹೇಳಲಾರ.