ನಿಂಬೆಹಣ್ಣು ಹಿಂಡುವ ಹೊತ್ತಿಗೆ

ಭಂಗಿ ತಲೆಗೇರಿದವನಿಗೆ ಏನು ಕೊಡಬೇಕು ಎಂದು ಕೇಳಿದರೆ ಊರಿಗೊಂದು ಉತ್ತರ ಸಿಗುತ್ತದೆ. ನಿಂಬೆಹಣ್ಣು ಹಿಂಡಿ ಕುಡಿಸಿ ಎನ್ನುವವರಿದ್ದಾರೆ, ಹುಣಸೆಹಣ್ಣು ಕಿವುಚಿದ ನೀರು ಎನ್ನುವವರಿದ್ದಾರೆ, ಹುಳಿ ಮಜ್ಜಿಗೆಯ ಪಕ್ಷದವರಿದ್ದಾರೆ. ಉತ್ತರ ಭಾರತದ ಕಡೆ ತುಪ್ಪ ಮತ್ತು ತೊಗರಿಬೇಳೆಯ ಕಟ್ಟು ನಡೆಯುತ್ತದೆ. ಹೊಸ ತಲೆಮಾರಿನವರಿಗೆ ಮೊಬೈಲು ಕಾಳುಮೆಣಸು ಅಗಿಯಲು ಹೇಳುತ್ತದೆ, ಸಿಬಿಡಿ ಎಣ್ಣೆಯ ಹನಿ ನುಂಗಲು ಹೇಳುತ್ತದೆ. ಎಲ್ಲರೂ ಕೊನೆಗೆ ಸೇರಿಸುವ ಮಾತು ಮಾತ್ರ ಒಂದೇ: ಸ್ವಲ್ಪ ಹೊತ್ತಿಗೆ ಇಳಿಯುತ್ತೆ ಬಿಡಿ. ಇಳಿಯುವುದು ನಿಜ. ಇಳಿಸಿದ್ದು ಯಾವುದು ಎಂದು ಯಾರೂ ಕೇಳಿದಂತಿಲ್ಲ. ಈಗ ಕೇಳಬೇಕಾಗಿದೆ, ಏಕೆಂದರೆ ಏರುವ ವಸ್ತುವೇ ಬದಲಾಗಿದೆ.

ಭಂಗಿಯದಾಗಲಿ ಗಾಂಜಾದ್ದಾಗಲಿ, ಅಮಲಿಗೆ ಮುಖ್ಯ ಕಾರಣ ಟೆಟ್ರಾಹೈಡ್ರೊಕೆನಾಬಿನಾಲ್, ಚುಟುಕಾಗಿ ಟಿಎಚ್‌ಸಿ. ಇಸ್ರೇಲಿನ ರಫಾಯೆಲ್ ಮೆಕೂಲಮ್ ಮತ್ತು ಯೆಹಿಯೆಲ್ ಗಾವೊನಿ ಅದನ್ನು 1964ರಲ್ಲಿ ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಮೆದುಳಿನ ನರಕೋಶಗಳ ಮೇಲೆ ಸಿಬಿ1 ಎಂಬ ಗ್ರಾಹಕಗಳಿವೆ. ಇವನ್ನು ಬೀಗಗಳೆಂದುಕೊಳ್ಳಿ. ಇವಕ್ಕೆ ಹೊಂದುವ ಕೀಲಿಯನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ. 1992ರಲ್ಲಿ ಅದು ಸಿಕ್ಕಾಗ ವಿಜ್ಞಾನಿಗಳು ನಮ್ಮ ‘ಆನಂದ’ ಶಬ್ದವನ್ನೇ ಎರವಲು ಪಡೆದು ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. ಟಿಎಚ್‌ಸಿ ಅದೇ ಬೀಗಕ್ಕೆ ಬೀಳುವ ಕಳ್ಳಕೀಲಿ. ನೆನಪು, ಭಯ, ಕಾಲದ ಅರಿವು, ದೇಹದ ಸಮತೋಲ ಇವನ್ನು ನಡೆಸುವ ಭಾಗಗಳಲ್ಲಿ ಈ ಬೀಗಗಳು ದಟ್ಟವಾಗಿವೆ. ಹಾಗಾಗಿಯೇ ಪ್ರಮಾಣ ಮೀರಿದಾಗ ಎದೆ ಡವಡವ ಎನ್ನುತ್ತದೆ, ಐದು ನಿಮಿಷ ಒಂದು ಗಂಟೆಯಾಗುತ್ತದೆ, ಯಾರೋ ಕೊಲ್ಲಲು ಬರುತ್ತಿದ್ದಾರೆ ಅನಿಸುತ್ತದೆ, ಸತ್ತೇಹೋಗುತ್ತೇನೆಂಬ ಭೀತಿ ಹಿಡಿಯುತ್ತದೆ. ಉಸಿರಾಟವನ್ನು ನೋಡಿಕೊಳ್ಳುವ ಮೆದುಳಕಾಂಡದಲ್ಲಿ ಇವು ತೀರ ವಿರಳ. ಅಫೀಮಿನ ಜಾತಿಯ ಮದ್ದುಗಳಂತೆ ಗಾಂಜಾ ವಯಸ್ಕರ ಉಸಿರು ನಿಲ್ಲಿಸುವುದು ಅಪರೂಪ ಎಂಬುದಕ್ಕೆ ಕಾರಣ ಇದೇ. ‘ಗಾಂಜಾದಿಂದ ಯಾರೂ ಸತ್ತಿಲ್ಲ’ ಎಂಬ ಮಾತು ಹುಟ್ಟಿದ್ದೂ ಇಲ್ಲಿಂದಲೇ. ಅದು ಅರ್ಧ ಸತ್ಯ.

ಏರಿದ್ದನ್ನು ಇಳಿಸಬೇಕಾದರೆ ಒಂದೋ ಆ ಬೀಗದಿಂದ ಕಳ್ಳಕೀಲಿಯನ್ನು ಹೊರದೂಡಬೇಕು, ಇಲ್ಲವೇ ಪಿತ್ತಜನಕಾಂಗ ಅದನ್ನು ಕರಗಿಸುವ ತನಕ ಕಾಯಬೇಕು. ಹೊರದೂಡುವ ಮದ್ದು ಒಮ್ಮೆ ಸಿಕ್ಕಿತ್ತು. ರಿಮೊನಬ್ಯಾಂಟ್ ಎಂಬ ಗುಳಿಗೆ ಗಾಂಜಾ ಸೇದಿದವರ ಅಮಲನ್ನು ತಗ್ಗಿಸುತ್ತದೆಂದು 2001ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಅದೇ ಗುಳಿಗೆ 2006ರಲ್ಲಿ ಯುರೋಪಿನಲ್ಲಿ ಬೊಜ್ಜು ಇಳಿಸುವ ಔಷಧಿಯಾಗಿ ಬಂತು. ನುಂಗಿದವರಲ್ಲಿ ಖಿನ್ನತೆ, ಆತ್ಮಹತ್ಯೆಯ ಯೋಚನೆ ಕಾಣಿಸಿಕೊಂಡು 2008ರಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. ಆನಂದದ ಬೀಗವನ್ನೇ ಮುಚ್ಚಿದರೆ ಇನ್ನೇನಾದೀತು! ಅಫೀಮಿನ ಅತಿಸೇವನೆಗೆ ನ್ಯಾಲೊಕ್ಸೋನ್ ಇರುವಂತೆ ಗಾಂಜಾಕ್ಕೆ ದಿನಬಳಕೆಯ ಪ್ರತ್ಯೌಷಧ ಇವತ್ತಿಗೂ ಆಸ್ಪತ್ರೆಗಳಲ್ಲಿಲ್ಲ. ವೈದ್ಯರು ಭೀತಿ ತಗ್ಗಿಸುವ ಮದ್ದು ಕೊಡುತ್ತಾರೆ, ಡ್ರಿಪ್ ಹಾಕುತ್ತಾರೆ, ಎದೆಬಡಿತ ನೋಡುತ್ತಾರೆ, ಕಾಯುತ್ತಾರೆ.

ಹಾಗಾದರೆ ನಿಂಬೆಹಣ್ಣು? ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ನಿಂಬೆಯ ಪರಿಮಳಕ್ಕೆ ಕಾರಣವಾದ ಲಿಮೊನೀನ್ ಎಂಬ ವಸ್ತುವನ್ನು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 20 ಮಂದಿ ಆರೋಗ್ಯವಂತರ ಮೇಲೆ ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. 30 ಮಿಲಿಗ್ರಾಂ ಟಿಎಚ್‌ಸಿಯ ಜೊತೆ 15 ಮಿಲಿಗ್ರಾಂ ಲಿಮೊನೀನ್ ಆವಿಯನ್ನು ಎಳೆದುಕೊಂಡಾಗ ಆತಂಕ, ಸಂಶಯ ಎರಡೂ ಕಡಿಮೆಯಾದವು. ನಿಂಬೆ ಹಿಂಡಿ ಎಂದವರ ಮಾತಿನಲ್ಲಿ ಒಂದು ಎಳೆ ನಿಜವಿತ್ತು ಎನ್ನೋಣ. ಆದರೆ ಅಲ್ಲಿ ಎರಡನ್ನೂ ಒಟ್ಟಿಗೆ, ಅದೂ ಆವಿಯಾಗಿ ಕೊಡಲಾಗಿತ್ತು. ಅಮಲೇರಿದ ಮೇಲೆ ಕುಡಿಸಿದ ಪಾನಕದ ಪರೀಕ್ಷೆ ಅದಲ್ಲ. ಲಿಮೊನೀನ್ ಇರುವುದು ಸಿಪ್ಪೆಯ ಎಣ್ಣೆಯಲ್ಲಿ, ನಾವು ಹಿಂಡುವ ರಸದಲ್ಲಿ ಅದರ ಅಂಶ ಅತ್ಯಲ್ಪ. ಕಾಳುಮೆಣಸಿನ ಬೀಟಾ ಕ್ಯಾರಿಯೊಫಿಲೀನ್ ಹೋಗಿ ಕೂರುವುದು ಸಿಬಿ2 ಎಂಬ ಬೇರೆಯೇ ಬೀಗದಲ್ಲಿ, ಅದು ಹೆಚ್ಚಾಗಿರುವುದು ರೋಗನಿರೋಧಕ ಕೋಶಗಳಲ್ಲಿ. ಮಜ್ಜಿಗೆ ಒಣಗಿದ ಬಾಯಿಗೆ ಹಿತ. ಗಾಬರಿಬಿದ್ದವನ ಗಮನವನ್ನು ಹುಳಿಯೋ ಖಾರವೋ ಬೇರೆಡೆ ಸೆಳೆದರೆ ಅದೂ ಉಪಕಾರವೇ. ಪ್ರಜ್ಞೆ ಸರಿಯಾಗಿದ್ದು ತಾನೇ ಕುಡಿಯಬಲ್ಲವನಿಗೆ ಇಷ್ಟರಿಂದ ಕೇಡಿಲ್ಲ.

ಕೇಡು ಇರುವುದು ಉಳಿದ ಮದ್ದುಗಳಲ್ಲಿ. ಟಿಎಚ್‌ಸಿ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಭಂಗಿಯನ್ನು ಹಾಲು ಬಾದಾಮಿಯೊಂದಿಗೆ ಅರೆಯುವ ಸಂಪ್ರದಾಯ ಈ ರಸಾಯನಶಾಸ್ತ್ರವನ್ನು ಹೆಸರಿಲ್ಲದೆಯೇ ಬಲ್ಲದು. ಇಲಿಗಳಿಗೆ ಟಿಎಚ್‌ಸಿಯನ್ನು ಕೊಬ್ಬಿನೊಂದಿಗೆ ತಿನ್ನಿಸಿದಾಗ ರಕ್ತಕ್ಕೆ ಸೇರಿದ ಪ್ರಮಾಣ ಸುಮಾರು ಎರಡೂವರೆ ಪಟ್ಟಾಯಿತು. ಹೊಟ್ಟೆಯಲ್ಲಿ ಭಂಗಿ ಇನ್ನೂ ಉಳಿದಿರುವಾಗ ತುಪ್ಪ ಕುಡಿಸಿದರೆ ಇಳಿಯುವ ಬದಲು ಏರಲು ದಾರಿ ಮಾಡಿಕೊಟ್ಟಂತೆ. ಸಿಬಿಡಿಯ ಕಥೆ ಇನ್ನೂ ವಿಚಿತ್ರ. ಅದು ಅಮಲಿಲ್ಲದ, ‘ಶಮನಕಾರಿ’ ಎಂದು ಮಾರಾಟವಾಗುವ ಗಾಂಜಾ ಅಂಶ. 18 ಜನರಿಗೆ 20 ಮಿಲಿಗ್ರಾಂ ಟಿಎಚ್‌ಸಿ ಇದ್ದ ತಿನಿಸಿನಲ್ಲಿ 640 ಮಿಲಿಗ್ರಾಂ ಸಿಬಿಡಿ ಬೆರೆಸಿ ಕೊಟ್ಟಾಗ ರಕ್ತದಲ್ಲಿ ಟಿಎಚ್‌ಸಿಯ ಗರಿಷ್ಠ ಮಟ್ಟ ಹೆಚ್ಚುಕಡಿಮೆ ಇಮ್ಮಡಿಯಾಯಿತು, ಆತಂಕವೂ ಮಂಕೂ ಹೆಚ್ಚಿದವು. ಕಾರಣ, ಟಿಎಚ್‌ಸಿಯನ್ನು ಕರಗಿಸಬೇಕಾದ ಪಿತ್ತಜನಕಾಂಗದ ಕಿಣ್ವಗಳನ್ನು ಸಿಬಿಡಿ ತಡೆದು ನಿಲ್ಲಿಸುತ್ತದೆ. ಮದ್ಯವೂ ರಕ್ತದಲ್ಲಿ ಟಿಎಚ್‌ಸಿಯ ಮಟ್ಟವನ್ನು ಏರಿಸುತ್ತದೆ. ಬೆರಳು ಹಾಕಿ ವಾಂತಿ ಮಾಡಿಸುವುದಂತೂ ಅರೆಪ್ರಜ್ಞೆಯವನ ಶ್ವಾಸನಾಳಕ್ಕೆ ಹೊಟ್ಟೆಯಲ್ಲಿದ್ದುದನ್ನು ಇಳಿಸುವ ಅಪಾಯಕಾರಿ ಕೆಲಸ.

ಇನ್ನು ಗಡಿಯಾರದ ಲೆಕ್ಕ. ಸೇದಿದ ಹೊಗೆಯ ಪರಿಣಾಮ ನಿಮಿಷಗಳಲ್ಲಿ ತುದಿ ಮುಟ್ಟಿ ಎರಡು ಮೂರು ಗಂಟೆಗಳಲ್ಲಿ ಇಳಿಯುತ್ತದೆ. ತಿಂದದ್ದು ಹಾಗಲ್ಲ. ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಏನೂ ಆಗದೇ ಇರಬಹುದು, ಆಮೇಲೆ ಏರತೊಡಗಿ ಎರಡರಿಂದ ನಾಲ್ಕನೇ ಗಂಟೆಯ ನಡುವೆ ತುದಿ ಮುಟ್ಟುತ್ತದೆ. ಅಷ್ಟರಲ್ಲಿ ಪಿತ್ತಜನಕಾಂಗ ಅದರ ಒಂದು ಪಾಲನ್ನು ಅಷ್ಟೇ ಬಿರುಸಾದ ಇನ್ನೊಂದು ಅಮಲು ವಸ್ತುವನ್ನಾಗಿ ಮಾರ್ಪಡಿಸಿರುತ್ತದೆ. 2014ರ ಮಾರ್ಚಿನಲ್ಲಿ ಅಮೆರಿಕದ ಕೊಲರಾಡೊದಲ್ಲಿ 19 ವರ್ಷದ ವಿದ್ಯಾರ್ಥಿಯೊಬ್ಬ ಗಾಂಜಾ ಬೆರೆಸಿದ ಕುಕಿಯ ಒಂದು ತುಣುಕು ತಿಂದ. ಅಂಗಡಿಯವರು ಆರನೇ ಒಂದು ಭಾಗ ಸಾಕೆಂದಿದ್ದರು. ಅರ್ಧ ಗಂಟೆಯಿಂದ ಒಂದು ಗಂಟೆ ಕಳೆದರೂ ಏನೂ ಅನಿಸಲಿಲ್ಲವೆಂದು ಉಳಿದದ್ದನ್ನೂ ತಿಂದ. ಇಡೀ ಕುಕಿಯಲ್ಲಿದ್ದದ್ದು 65 ಮಿಲಿಗ್ರಾಂ ಟಿಎಚ್‌ಸಿ. ಮೊದಲ ತುಣುಕು ತಿಂದ ಮೂರೂವರೆ ಗಂಟೆಗೆ ನಾಲ್ಕನೇ ಮಹಡಿಯಿಂದ ಹಾರಿ ಸತ್ತ. ಒಂದನೇ ಗಂಟೆಯಲ್ಲಿ ನಿಂಬೆರಸ ಕುಡಿಸಿ ‘ಈಗ ಪರವಾಗಿಲ್ಲ’ ಎಂದು ಮಲಗಲು ಹೋಗುವವರು ಮೂರನೇ ಗಂಟೆಯನ್ನು ನೆನಪಿಡಬೇಕು.

ಏರುವ ವಸ್ತುವೇ ಬದಲಾಗಿದೆ ಎಂದೆನಲ್ಲ, ಅದರ ಅಳತೆ ಹೀಗಿದೆ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ 1995ರಲ್ಲಿ ಸರಾಸರಿ ಶೇ 4ರಷ್ಟಿದ್ದ ಟಿಎಚ್‌ಸಿ 2014ರ ಹೊತ್ತಿಗೆ ಶೇ 12 ದಾಟಿತು. ಅದರಿಂದ ತೆಗೆದ ಸಾರಗಳಲ್ಲಿ ಶೇ 60ಕ್ಕೂ ಹೆಚ್ಚಿರುವುದುಂಟು. ಮಣ್ಣಿಲ್ಲದೆ, ದೀಪದ ಬೆಳಕಿನಲ್ಲಿ ಬೆಳೆಸಿದ ‘ಹೈಡ್ರೊ ಗಾಂಜಾ’ ಬ್ಯಾಂಕಾಕಿನಿಂದ ಬಂದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವುದು ಈಗ ಮಾಮೂಲಿ ಸುದ್ದಿ. ಮಂಗಳೂರಿನ ಅಂಗಡಿಗಳಲ್ಲಿ 2023ರಲ್ಲಿ ಪೊಲೀಸರು ಭಂಗಿ ಬೆರೆಸಿದ ಚಾಕೊಲೇಟ್ ಹಿಡಿದರು. 1985ರ ಮಾದಕ ವಸ್ತು ಕಾಯ್ದೆ ಹೂತೆನೆಯಿಲ್ಲದ ಬರಿಯ ಎಲೆಯನ್ನು ಗಾಂಜಾ ಎಂದು ಪರಿಗಣಿಸುವುದಿಲ್ಲ. ಆದ್ದರಿಂದ ಭಂಗಿ ಹಗುರ ಎಂಬ ನಂಬಿಕೆ ಬೇರೂರಿದೆ. ಕಾನೂನು ಗಿಡದ ಯಾವ ಭಾಗವೆಂದು ಕೇಳುತ್ತದೆ. ದೇಹ ಕೇಳುವುದು ಎಷ್ಟು ಮಿಲಿಗ್ರಾಂ ಎಂದು. ಕೇಂದ್ರ ಸರ್ಕಾರದ 2019ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಗಾಂಜಾ ಗಿಡದ ಉತ್ಪನ್ನ ಬಳಸುವವರು ಸುಮಾರು 3.1 ಕೋಟಿ, ಅವರಲ್ಲಿ ಭಂಗಿ ಬಳಸುವವರೇ 2.2 ಕೋಟಿ. ಎಲೆ ಅರೆದ ಕಾಲದ ಮದ್ದನ್ನು ಇಷ್ಟು ಜನ ಸಾರದ ಕಾಲಕ್ಕೂ ನಂಬಿದರೆ ಲೆಕ್ಕ ತಪ್ಪುತ್ತದೆ.

ಒಂದು ಮದ್ದಂತೂ ಕೆಲಸ ಮಾಡುತ್ತದೆ, ಅದೇ ತೊಂದರೆ. ಆಸ್ಟ್ರೇಲಿಯಾದ ಅಡಿಲೇಡ್ ಬೆಟ್ಟಪ್ರದೇಶದ ವೈದ್ಯರು 2004ರಲ್ಲಿ ವಿಚಿತ್ರ ರೋಗಿಗಳ ಬಗ್ಗೆ ಬರೆದರು. ವರ್ಷಗಟ್ಟಲೆ ಗಾಂಜಾ ಸೇದಿದವರು, ನಿಲ್ಲದ ವಾಂತಿ, ಹೊಟ್ಟೆನೋವು. ಅವರಲ್ಲಿ ಹೆಚ್ಚಿನವರು ಬಿಸಿನೀರಿನ ಸ್ನಾನದಲ್ಲಿ ಮಾತ್ರ ನೆಮ್ಮದಿ ಕಾಣುತ್ತಿದ್ದರು, ದಿನಕ್ಕೆ ಹಲವು ಬಾರಿ ಮೀಯುತ್ತಿದ್ದರು. ಚರ್ಮದಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಕಗಳು ವಾಂತಿಯ ಹಾದಿಯನ್ನು ತಾತ್ಕಾಲಿಕವಾಗಿ ತಣಿಸುತ್ತವೆಂದು ಊಹೆ. ಮೆಣಸಿನಕಾಯಿಯ ಖಾರದ ಅಂಶವಿರುವ ಮುಲಾಮನ್ನು ಹೊಟ್ಟೆಗೆ ಸವರಿದರೆ ಕೆಲವರಿಗೆ ಗುಣ ಸಿಗುವುದೂ ಇದರಿಂದಲೇ ಇರಬಹುದು. ಸ್ನಾನ ಹಿತವೆನಿಸುವುದರಿಂದ ಆಸ್ಪತ್ರೆಗೆ ಹೋಗುವುದು ಮುಂದಕ್ಕೆ ಬೀಳುತ್ತದೆ, ಅಷ್ಟರಲ್ಲಿ ನೀರು ಲವಣ ಬರಿದಾಗಿ ಮೂತ್ರಪಿಂಡ ಸೋಲುತ್ತದೆ. ಹೀಗೆ ಸತ್ತವರ ವೈದ್ಯಕೀಯ ವರದಿಗಳಿವೆ. ವಾಕರಿಕೆಗೆ ಗಾಂಜಾ ಒಳ್ಳೆಯದೆಂದು ಇನ್ನಷ್ಟು ಸೇದುವವರೂ ಇದ್ದಾರೆ. ನಿಜವಾದ ಚಿಕಿತ್ಸೆ ಪೂರ್ತಿ ಬಿಡುವುದೊಂದೇ.

ಮಕ್ಕಳ ವಿಷಯದಲ್ಲಿ ‘ಗಾಂಜಾದಿಂದ ಯಾರೂ ಸತ್ತಿಲ್ಲ’ ಎಂಬ ಅರ್ಧ ಸತ್ಯವೂ ಉಳಿಯುವುದಿಲ್ಲ. ಪುಟ್ಟ ದೇಹಕ್ಕೆ ಒಂದೆರಡು ತುಣುಕು ಸಾಕು, ಎಬ್ಬಿಸಿದರೂ ಏಳದ ನಿದ್ದೆ ಹತ್ತುತ್ತದೆ, ಉಸಿರು ಕುಗ್ಗಬಹುದು. ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ 2017ರಲ್ಲಿ ಆರು ವರ್ಷದೊಳಗಿನ 207 ಮಕ್ಕಳು ಗಾಂಜಾ ತಿನಿಸು ತಿಂದ ವರದಿ ಬಂದಿತ್ತು. 2021ರಲ್ಲಿ ಆ ಸಂಖ್ಯೆ 3,054. ಚಾಕೊಲೇಟು, ಜೆಲ್ಲಿ, ಬಿಸ್ಕತ್ತಿನ ರೂಪದಲ್ಲಿ ಬಂದದ್ದನ್ನು ಮಗು ತಿನಿಸೆಂದೇ ತಿಳಿಯುತ್ತದೆ. ನಮ್ಮಲ್ಲಿ ಇಂಥ ಮಗುವನ್ನು ಆಸ್ಪತ್ರೆಗೆ ಒಯ್ದವರು ಪೊಲೀಸಿನ ಭಯಕ್ಕೋ ನಾಚಿಕೆಗೋ ಬಾಯಿಬಿಡದಿದ್ದರೆ ವೈದ್ಯರು ಮೆದುಳುಜ್ವರವೆಂದು ಶಂಕಿಸಿ ಬೆನ್ನಿನಿಂದ ನೀರು ತೆಗೆಯಬೇಕಾಗುತ್ತದೆ, ತಲೆಯ ಸ್ಕ್ಯಾನ್ ಮಾಡಿಸಬೇಕಾಗುತ್ತದೆ.

ಮಗು ಏನನ್ನಾದರೂ ತಿಂದಿರುವ ಶಂಕೆಯಿದ್ದರೆ, ದೊಡ್ಡವರಿಗೆ ಎದೆನೋವು, ಫಿಟ್ಸ್, ಎಬ್ಬಿಸಲಾಗದ ಮಂಪರು, ತಮಗೋ ಪರರಿಗೋ ಹಾನಿ ಮಾಡುವ ಉದ್ರೇಕ ಅಥವಾ ನಿಲ್ಲದ ವಾಂತಿ ಇದ್ದರೆ 108ಕ್ಕೆ ಕರೆ ಮಾಡಿ. ಮಂಪರಿನಲ್ಲಿರುವವರನ್ನು ಮಗ್ಗುಲಾಗಿ ಮಲಗಿಸಿ, ಒಬ್ಬರನ್ನೇ ಬಿಡಬೇಡಿ, ಬಾಯಿಗೆ ಏನನ್ನೂ ಹಾಕಬೇಡಿ. ತಿಂದದ್ದರ ಪೊಟ್ಟಣವಿದ್ದರೆ ಕೈಯಲ್ಲೇ ಹಿಡಿದುಕೊಂಡು ಹೋಗಿ. ಏನು ತಿಂದರು, ಎಷ್ಟು ಹೊತ್ತಿಗೆ ತಿಂದರು, ಈ ಎರಡನ್ನು ವೈದ್ಯರಿಗೆ ಮುಚ್ಚಿಡಬೇಡಿ.