‘ಕಥಾ’: ಆಮೆಯ ಖೋಲಿಗೆ ಬಂದ ಮೊಲ

ಉಳ್ಕೊಳ್ಳೋಕೆ ಬಂದ ಗೆಳೆಯ
ಯಜಮಾನನೇ ಆಗಿಬಿಟ್ರೆ?

1983ರ ಹಿಂದಿ ಚಿತ್ರ ‘ಕಥಾ’.
ನಿರ್ದೇಶಕಿ ಸಾಯಿ ಪರಾಂಜಪೆ.
ಸಾಯಿ, ಹಿಂದೆ ಪುಣೆ ಆಕಾಶವಾಣಿಯಲ್ಲಿ ಉದ್ಘೋಷಕಿ ಆಗಿದ್ದವರು.
ಅದಕ್ಕೇ ಇರಬೇಕು, ಚಿತ್ರದ ಮಾತು ಅಷ್ಟು ಚುರುಕು.

ಈ ಆಮೆ-ಮೊಲದ ಕಥೆ ನಡೆಯೋದು ಮುಂಬೈ ಚಾಳಿನಲ್ಲಿ.
ಎಲ್ಲರ ಬಾಗಿಲೂ ಒಂದೇ ಪಡಸಾಲೆಗೆ.
ಒಂದು ಮನೆ ಒಗ್ಗರಣೆ,
ಹತ್ತು ಮನೆಗೆ ಸುದ್ದಿ!

ಗುಮಾಸ್ತ ರಾಜಾರಾಮ್, ಆಮೆ: ನಸೀರುದ್ದೀನ್ ಶಾ.
ಮಾತಿನಮಲ್ಲ ಬಾಶು, ಮೊಲ: ಫಾರೂಖ್ ಶೇಖ್.

ಬಾಶು ರಾಜಾರಾಮನ ಖೋಲಿಯಲ್ಲೇ ಠಿಕಾಣಿ ಹೂಡ್ತಾನೆ.
ಬಾಯಲ್ಲೇ ಅರಮನೆ ಕಟ್ತಾನೆ.
ರಾಜಾರಾಮ್ ಮನಸ್ಸಿಟ್ಟ ಸಂಧ್ಯಾಳನ್ನೂ ಒಲಿಸ್ಕೋತಾನೆ.
ಸಾಲದ್ದಕ್ಕೆ,
ತನ್ನ ಬಾಸ್‌ನ ಹೆಂಡತಿಗೂ ಗಾಳ, ಮಗಳಿಗೂ ಗಾಳ!

ಸಿಟ್ಟು ಬರಬೇಕು.
ಬರಲ್ಲ.
ಫಾರೂಖ್ ನಗು ಹಾಗಿದೆ.

ಅತ್ಯುತ್ತಮ ಹಿಂದಿ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು.
ಸಂಧ್ಯಾ ಆಗಿ ದೀಪ್ತಿ ನವಲ್.
ಕೊನೆಗೆ ಯಾರ ಕೈ ಹಿಡೀತಾಳೆ?
ನೋಡಿ ಹೇಳಿ.