ಥರ್ಮಾಕೋಲ್ ಹಲಗೆಯ ಮೇಲೆ ಸಸಿಹಿತ್ಲು ತೆರೆ

ಬೆಂಗಳೂರಿನ ಜಯನಗರ ನಾಲ್ಕನೇ ಬ್ಲಾಕಿನಿಂದ ಕಡಲಿಗೆ ಹೆಚ್ಚೂಕಡಿಮೆ 350 ಕಿಲೋಮೀಟರ್. ಸರ್ಫಿಂಗ್ ಕಲಿಯುವ ಆಸೆ ಹತ್ತಿದ ಜೆ.ಪಿ. ನಗರದ ಹುಡುಗ ಹುಡುಗಿಯರು ಮೊದಲು ನೋಡುವುದು ಮಾತ್ರ ವಿಮಾನದ ದರ: ಬಾಲಿಗೆಷ್ಟು, ಶ್ರೀಲಂಕಾದ ವೆಲಿಗಾಮಕ್ಕೆಷ್ಟು? ಬೇಕಾದದ್ದು ತೆಂಗಿನ ಸಾಲು, ಗದ್ದಲವಿಲ್ಲದ ಮರಳು, ಸೊಂಟದೆತ್ತರದ ತೆರೆ. ಶಿರಾಡಿ ಘಾಟಿ ಇಳಿಯುವ ರಾತ್ರಿ ಬಸ್ಸು ಹತ್ತಿದರೆ ಅದೆಲ್ಲ ಬೆಳಗಾಗುವಷ್ಟರಲ್ಲಿ ಎದುರಿಗಿರುತ್ತದೆ. ದ್ವೀಪವೊಂದು ಸಿಗುವುದಿಲ್ಲ. ಅದರ ಬದಲಿಗೆ ಮಂಗಳೂರಿನ ಬಳಿಯ ಸಸಿಹಿತ್ಲುವಿನಲ್ಲಿ ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು ಇರುವ ಮರಳಿನ ನಾಲಿಗೆ ಇದೆ. ಶಾಂಭವಿ, ನಂದಿನಿ ಎರಡೂ ಸೇರಿ ಕಡಲಿಗಿಳಿಯುವ ಅಳಿವೆ ಅದು. ಪಕ್ಕದ ಮೂಲ್ಕಿಗೆ ಅಮೆರಿಕದ ಜ್ಯಾಕ್ ಹೆಬ್ನರ್, ಅಂದರೆ ‘ಸರ್ಫಿಂಗ್ ಸ್ವಾಮಿ’, 2004ರಲ್ಲೇ ಈ ಆಟ ತಂದರು. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸ್ಪರ್ಧೆಯೂ ನಡೆಯಿತು.

ಇಷ್ಟು ದೂರ ಬಂದವರಿಗೆ ಮೊದಲ ನಿರಾಸೆ ಆಗುವುದು ಹಲಗೆ ಕಂಡಾಗ.

ವಿಡಿಯೊಗಳಲ್ಲಿ ನೋಡಿದ್ದು ಬಾಣದಂಥ ಚೂಪು ಹಲಗೆ. ಇಲ್ಲಿ ತರಬೇತುದಾರರು ಕೈಗಿಡುವುದು ಎಂಟೊಂಬತ್ತು ಅಡಿ ಉದ್ದದ, ಮೂತಿ ದುಂಡಗಿನ, ಒತ್ತಿದರೆ ಮೆತ್ತಗಾಗುವ ಫೋಮ್ ಹಲಗೆ. ಒಳಗಿರುವುದು ಬಹುಮಟ್ಟಿಗೆ ಗಣೇಶನ ಮಂಟಪಕ್ಕೆ ಕತ್ತರಿಸುವ ಥರ್ಮಾಕೋಲಿನ ಬಿಗಿಯಾದ ಅಣ್ಣ; ಬಾಗದಿರಲೆಂದು ನಡುವೆ ಮರದ ಪಟ್ಟಿ, ಮೇಲೆ ಮೃದು ಫೋಮು, ಅಡಿಗೆ ನುಣುಪು ಪ್ಲಾಸ್ಟಿಕ್ಕು. ಮಕ್ಕಳಾಟಿಕೆಯಂತೆ ಕಾಣುವ ಈ ಯಂತ್ರದ ಲೆಕ್ಕಾಚಾರ ಮಾತ್ರ ಗಟ್ಟಿ.

ಅರವತ್ತು ಕಿಲೋ ತೂಗುವವರು ಆರು ಕಿಲೋ ಹಲಗೆಯ ಮೇಲೆ ಮಲಗಿದರೆ ಒಟ್ಟು 66 ಕಿಲೋ. ಆರ್ಕಿಮಿಡೀಸನ ನಿಯಮದಂತೆ ಅಷ್ಟೇ ತೂಕದ ಉಪ್ಪುನೀರು, ಸುಮಾರು 64 ಲೀಟರ್, ಪಕ್ಕಕ್ಕೆ ಸರಿಯಬೇಕು. ಕಲಿಕೆಯ ಹಲಗೆಯ ಗಾತ್ರ 70–80 ಲೀಟರ್ ಇರುವುದರಿಂದ ಮಲಗಿದವರ ಮೈ ನೀರಿನ ಮೇಲೇ ಉಳಿಯುತ್ತದೆ. ನುರಿತವರ ಚಿಕ್ಕ ಹಲಗೆ ಮೂವತ್ತು ಲೀಟರಿನ ಆಸುಪಾಸು. ಅದರ ಮೇಲೆ ಮಲಗಿದರೆ ಎದೆಯವರೆಗೆ ನೀರು. ಕೈ ಬಡಿದಷ್ಟೂ ಸುಸ್ತೇ ಹೊರತು ಮುಂದಕ್ಕೆ ಹೋಗುವುದು ಅಷ್ಟಕ್ಕಷ್ಟೆ.

ತೆರೆಯ ಕತೆ ಬೇರೆ. ಎಷ್ಟೋ ಸಲ ಅದು ಹುಟ್ಟುವುದು ದಕ್ಷಿಣ ಮಹಾಸಾಗರದ ಬಿರುಗಾಳಿಯಲ್ಲಿ. ದಿನಗಟ್ಟಲೆ ಸಾಗಿ ಕರಾವಳಿ ಮುಟ್ಟುತ್ತದೆ. ಸಾಗುವುದು ಶಕ್ತಿ, ನೀರು ಇದ್ದಲ್ಲೇ ಸುತ್ತು ಹಾಕುತ್ತಿರುತ್ತದೆ. ಆಳ ಕಡಿಮೆಯಾದಂತೆ ತೆರೆ ನಿಧಾನವಾಗುತ್ತದೆ, ಹಿಂದಿನದು ಮುಂದಿನದನ್ನು ಹತ್ತಿರ ಹತ್ತಿರ ಒತ್ತುತ್ತದೆ, ಎತ್ತರ ಏರುತ್ತದೆ. ಒಂದು ಮೀಟರ್ ಎತ್ತರದ ತೆರೆ ಸುಮಾರು 1.3 ಮೀಟರ್ ಆಳದಲ್ಲಿ ಮಗುಚುತ್ತದೆ. ಅಲ್ಲಿ ಅದರ ವೇಗ ಗಂಟೆಗೆ 13 ಕಿಲೋಮೀಟರಿನಷ್ಟು, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಸಂಜೆಯ ವಾಹನಗಳಿಗಿಂತ ವಾಸಿ. ತಳ ಕಡಿದಾಗಿದ್ದರೆ ತೆರೆ ಗೋಡೆಯಂತೆ ಎದ್ದು ದಢಾರನೆ ಬೀಳುತ್ತದೆ. ಸಮತಟ್ಟಾದ ಮರಳಿದ್ದರೆ ತುದಿಯಿಂದ ನೊರೆ ಸುರಿಸುತ್ತ ದೂರದವರೆಗೆ ಬರುತ್ತದೆ. ಹೊಸಬರಿಗೆ ಬೇಕಾದದ್ದು ಈ ಎರಡನೆಯದು. ವೆಲಿಗಾಮದ ಹೆಸರು ಓಡುವುದೂ ಇದೇ ಕಾರಣಕ್ಕೆ.

ತೆರೆ ಹಿಂದಿನಿಂದ ಎತ್ತಿದಾಗ ಹಲಗೆ ಇಳಿಜಾರಿನಲ್ಲಿ ಜಾರುತ್ತದೆ. ವೇಗ ಸಿಕ್ಕಿದ ಮೇಲೆ ಅದು ತೇಲುವುದಕ್ಕಿಂತ ಹೆಚ್ಚಾಗಿ ನೀರಿನ ಮೇಲೆ ಉಜ್ಜಿಕೊಂಡು ಓಡುತ್ತದೆ, ಕೆರೆಗೆ ಓರೆಯಾಗಿ ಎಸೆದ ಚಪ್ಪಟೆ ಕಲ್ಲಿನ ಹಾಗೆ. ಅಡಿ ಅಗಲವಿದ್ದಷ್ಟೂ ಕಡಿಮೆ ವೇಗದಲ್ಲೇ ಇದು ಸಾಧ್ಯ. ಬಡಪಾಯಿ ತೆರೆಗೂ ದಪ್ಪ ಹಲಗೆ ಒಲಿಯುವುದು ಹೀಗೆ.

ಅಡಿಯ ಹಿಂಬದಿಯ ರೆಕ್ಕೆ ಇಲ್ಲದಿದ್ದರೆ ಹಲಗೆ ಎಣ್ಣೆ ಸುರಿದ ನೆಲದ ಮೇಲಿನ ಮಣೆ. ಅಮೆರಿಕದ ಟಾಮ್ ಬ್ಲೇಕ್ 1935ರಲ್ಲಿ ಹಳೆಯ ಸ್ಪೀಡ್‌ಬೋಟೊಂದರ ಅಡಿಪಟ್ಟಿ ಬಿಚ್ಚಿ ತನ್ನ ಹಲಗೆಗೆ ಜೋಡಿಸಿದ. ಅಲ್ಲಿಂದ ಹಲಗೆಗೆ ದಿಕ್ಕು ಹಿಡಿಯುವುದು ಬಂತು. ಹಲಗೆಯನ್ನು ಕಾಲಿಗೆ ಕಟ್ಟುವ ಹಗ್ಗಕ್ಕಂತೂ ಕಣ್ಣಿನ ಬೆಲೆ ತೆತ್ತಿದ್ದಾರೆ. 1970ರ ದಶಕದ ಆರಂಭದಲ್ಲಿ ಆಸ್ಪತ್ರೆಯ ರಬ್ಬರ್ ಕೊಳವೆಯಿಂದ ಹಗ್ಗ ಮಾಡುತ್ತಿದ್ದರು. ಎಳೆದಷ್ಟು ರಭಸದಲ್ಲಿ ಹಲಗೆ ವಾಪಸು ಬರುತ್ತಿತ್ತು. ಅಮೆರಿಕದ ಸರ್ಫರ್ ಜ್ಯಾಕ್ ಓನೀಲ್ ಎಡಗಣ್ಣು ಕಳೆದುಕೊಂಡದ್ದು ಹಾಗೆ. ಹೊಸಬರ ಹಲಗೆಗೆ ಮೆತ್ತನೆಯ ಹೊದಿಕೆ ಇರುವುದೂ ತಲೆಗೆ ಬಡಿದರೆ ಬುಗುಟೆಯಲ್ಲಿ ಮುಗಿಯಲೆಂದೇ.

ಅಳಿವೆಯ ಸೆಳೆತದ ಮುಂದೆ ಮಾತ್ರ ಯಾವ ಹಲಗೆಯ ಆಟವೂ ನಡೆಯದು. ಹೊಳೆಯ ಮರಳು ಮಳೆಗಾಲ ಕಳೆಯುವಷ್ಟರಲ್ಲಿ ಜಾಗ ಬದಲಿಸಿರುತ್ತದೆ. ಎಲ್ಲಿ ಇಳಿಯಬಹುದು ಎನ್ನುವುದನ್ನು ದೋಣಿಯವರನ್ನೇ ಕೇಳಬೇಕು. ಜೂನ್ ಒಂದರಿಂದ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆ ನಿಲ್ಲುತ್ತದೆ. ಮಳೆಗಾಲದ ಆ ಕಡಲು ಕಲಿಯುವವರದ್ದಲ್ಲ. ಮಳೆ ಹಿಂದೆ ಸರಿದ ಮೇಲೆ ಮುಂಜಾನೆ ನೆಲದ ಕಡೆಯಿಂದ ಬೀಸುವ ತಣ್ಣನೆ ಗಾಳಿ ತೆರೆಯ ಮುಖವನ್ನು ಇಸ್ತ್ರಿ ಮಾಡಿದಂತೆ ನೇರ್ಪುಗೊಳಿಸುತ್ತದೆ. ಮಧ್ಯಾಹ್ನಕ್ಕೆ ಗಾಳಿ ತಿರುಗಿ ಅದೆಲ್ಲ ಕದಡುತ್ತದೆ. ಪಾಠ ಬೆಳಗ್ಗೆಯೇ ಮುಗಿಯುವುದು ಅದಕ್ಕಾಗಿ.

ಸರ್ಫರ್‌ಗಳನ್ನು ಗಡಿಯಾರ ಹಿಡಿದು ಅಳೆದವರ ಪ್ರಕಾರ ನೀರಿನಲ್ಲಿ ಕಳೆದ ಹೊತ್ತಿನ ಅರ್ಧದಷ್ಟು ಕೈ ಬಡಿಯುವುದಕ್ಕೇ ಹೋಗುತ್ತದೆ; ತೆರೆಯ ಸವಾರಿ ನೂರಕ್ಕೆ ನಾಲ್ಕೈದು ಪಾಲು. ಗಂಟೆಗೆ ಮೂರು ನಿಮಿಷ! ಸೋಮವಾರ ಬೆಳಗ್ಗೆ ಬನಶಂಕರಿಯ ಸ್ಟಾಪಿನಲ್ಲಿ ಬಸ್ಸಿಳಿದವರಿಗೆ ಕಾಲು ಸರಿಯಾಗಿಯೇ ಇರುತ್ತದೆ. ಬ್ಯಾಗು ಹೆಗಲಿಗೇರಿಸುವಾಗ ಮಾತ್ರ ಮುಖ ಹಿಂಡುತ್ತದೆ.